ಮೊದಲಕ್ಷರದಲ್ಲಿ ಅರ್ಥ ಇರುತ್ತದೆಯೇ?

ಕೂಪ, ಸೂಪ, ಯೂಪ. ಒಂದು ಬಾವಿ, ಇನ್ನೊಂದು ಸಾರು, ಮತ್ತೊಂದು ಯಜ್ಞದ ಕಂಬ. ಎರಡು ಸಾವಿರ ವರ್ಷಗಳಿಗೂ ಹಿಂದೆ ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಈ ಮೂರು ಮಾತುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ಒಂದು ಜಗಳ ಹೂಡಿದ. ಬಿಡಿ ವರ್ಣಕ್ಕೆ ಅರ್ಥವಿದೆಯೇ, ಇಲ್ಲವೇ? ಇದೆ ಎನ್ನುವವನ ವಾದ ಮೇಲುನೋಟಕ್ಕೆ ಗಟ್ಟಿಯಾಗಿದೆ: ‘ಕ’ ಹೋಗಿ ‘ಸ’ ಬಂದ ಕೂಡಲೇ ಬಾವಿ ಮಾಯವಾಗಿ ಸಾರು ಬರುತ್ತದೆ, ಬದಲಾದದ್ದು ಮೊದಲಕ್ಷರ ಒಂದೇ ಆದ್ದರಿಂದ ಅರ್ಥವನ್ನು ತಂದದ್ದೂ ಅದೇ. ಇದಕ್ಕೆ ಬಂದ ಮರುನುಡಿ ಇನ್ನೂ ಗಟ್ಟಿ. ಹಾಗಾದರೆ ಮೂರರಲ್ಲೂ ಉಳಿದುಕೊಂಡ ‘ಊಪ’ ಎಂಬ ಭಾಗಕ್ಕೂ ಏನೋ ಒಂದು ಅರ್ಥ ಇರಬೇಕಲ್ಲ; ಬಾವಿಗೂ ಸಾರಿಗೂ ಕಂಬಕ್ಕೂ ಸಮಾನವಾದದ್ದು ಯಾವುದು? ಏನೂ ಇಲ್ಲ. ಆದ್ದರಿಂದ ಇವು ಒಂದೇ ಮಾತಿನ ಮೂರು ರೂಪಗಳಲ್ಲ, ಮೂರು ಬೇರೆ ಮಾತುಗಳು. ಅರ್ಥವಿರುವುದು ಇಡೀ ಜೋಡಣೆಗೆ, ಬಿಡಿ ವರ್ಣಕ್ಕಲ್ಲ. ವ್ಯಾಕರಣದ ಪಾಠವಾಗಿ ಇದು ಮುಗಿದ ಮಾತು. ಆದರೆ ಇದರ ಬೆನ್ನಿಗೆ ಅಂಟಿಕೊಂಡ ದೊಡ್ಡ ಪ್ರಶ್ನೆ ಮುಗಿದಿಲ್ಲ. ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ಸ್ವಭಾವದ್ದೇ, ಸಂಕೇತದ್ದೇ? ಸ್ವಭಾವದ್ದು ಎಂದರೆ ಮಂತ್ರದ ಶಕ್ತಿ ಅದರ ನಾದದಲ್ಲೇ ಇದೆ ಎಂದಾಗುತ್ತದೆ. ಸಂಕೇತದ್ದು ಎಂದರೆ ಮಂತ್ರವೂ ಅಂಗಡಿಯ ಫಲಕವೂ ಒಂದೇ ಜಾತಿಯವಾಗುತ್ತವೆ.

ಈ ಪ್ರಶ್ನೆಯನ್ನು ಇಂಗ್ಲಿಷ್ ನಾಮಪದಗಳ ಮುಂದಿಟ್ಟು ನೋಡುವುದರಲ್ಲಿ ಒಂದು ಲಾಭವಿದೆ. ಕನ್ನಡದಲ್ಲಾಗಲಿ ಸಂಸ್ಕೃತದಲ್ಲಾಗಲಿ ಬರೆದ ಅಕ್ಷರವೂ ನುಡಿದ ದನಿಯೂ ಹೆಚ್ಚುಕಡಿಮೆ ಕೈಹಿಡಿದೇ ನಡೆಯುವುದರಿಂದ, ಅರ್ಥ ಅಕ್ಷರಕ್ಕೆ ಅಂಟಿದೆಯೋ ದನಿಗೆ ಅಂಟಿದೆಯೋ ಎಂದು ಬಿಡಿಸಿ ನೋಡುವುದು ಕಷ್ಟ. ಇಂಗ್ಲಿಷಿನಲ್ಲಿ ಅವೆರಡೂ ಎಂದೋ ಬೇರೆ ಸಂಸಾರ ಹೂಡಿವೆ. ಒಂದೇ ಅಕ್ಷರಗಳಿಂದ ಶುರುವಾಗುವ ಮಾತುಗಳ ಕೆಲವು ಗುಂಪುಗಳಲ್ಲಿ ದನಿಯೂ ಅರ್ಥವೂ ಕೂಡಿಬರುತ್ತವೆ, ಕೆಲವುಗಳಲ್ಲಿ ದನಿ ಸತ್ತು ಅಕ್ಷರ ಮಾತ್ರ ಉಳಿದಿದೆ, ಇನ್ನು ಕೆಲವುಗಳಲ್ಲಿ ಅಕ್ಷರ ಬಂದದ್ದೇ ಆಕಸ್ಮಿಕವಾಗಿ. ಇವನ್ನು ಸಾಕ್ಷಿಗೆ ಕರೆದರೆ ಹೊರಬೀಳುವ ತೀರ್ಪು, ನನ್ನ ಎಣಿಕೆಯಲ್ಲಿ, ನಮ್ಮ ದರ್ಶನಕಾರರಾದ ಮೀಮಾಂಸಕರಿಗೂ ನೈಯಾಯಿಕರಿಗೂ ಅರ್ಧರ್ಧ ಸಲ್ಲುತ್ತದೆ: ನಂಟನ್ನು ಯಾರೂ ಮಾಡಲಿಲ್ಲ ಎಂಬ ಮೀಮಾಂಸಕರ ಮಾತು ನಿಜ, ಆದರೂ ಅದು ನಿತ್ಯವಲ್ಲ, ನಂಟು ಪ್ರಕೃತಿಯಲ್ಲಿಲ್ಲ ಎಂಬ ನೈಯಾಯಿಕರ ಮಾತೂ ನಿಜ, ಆದರೂ ಅದು ಯಾರ ಒಪ್ಪಂದವೂ ಅಲ್ಲ.

ಮೊದಲು ಜಿ ಮತ್ತು ಎಲ್ ಅಕ್ಷರಗಳ ಗುಂಪು. ಗ್ಲೀಮ್, ಗ್ಲೋ, ಗ್ಲಿಟರ್, ಗ್ಲಿಂಟ್, ಗ್ಲೇರ್ ಎಲ್ಲವೂ ಒಂದಲ್ಲ ಒಂದು ಬಗೆಯ ಹೊಳಪು. ಗ್ಲಿಂಪ್ಸ್, ಗ್ಲಾನ್ಸ್ ಎಂದರೆ ನೋಟ. ಹೊಳೆಯುವ ಗಾಜಿನ ಹೆಸರು ಗ್ಲಾಸ್. ಬೆಳಕಿನ ಅಭಾವವನ್ನು ಹೇಳುವ ಗ್ಲೂಮ್ ಕೂಡ ಬೆಳಕಿನ ಸುತ್ತಲೇ ಸುಳಿಯುತ್ತದೆ. ಇಷ್ಟನ್ನು ಒಟ್ಟಿಗೆ ನೋಡಿದವನಿಗೆ ‘ಗ್ಲ’ ಎಂಬ ದನಿಯಲ್ಲೇ ಬೆಳಕು ಅಡಗಿದೆ ಎನ್ನಿಸಿದರೆ ಆಶ್ಚರ್ಯವಿಲ್ಲ. ಇಂಗ್ಲಿಷರಿಗೂ ಹಾಗೆ ಅನ್ನಿಸಿದೆ. ಅನಂತವನ್ನು ಸೂಚಿಸುವ ಅಡ್ಡಲಾಗಿ ಮಲಗಿದ ಎಂಟರ ಚಿಹ್ನೆಯನ್ನು ಗಣಿತಕ್ಕೆ ಕೊಟ್ಟ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಇಂಥ ಮೊದಲಕ್ಷರಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಎಸ್‌-ಟಿ-ಆರ್ ಇದ್ದಲ್ಲಿ ಬಲ, ಡಬ್ಲ್ಯು-ಆರ್ ಇದ್ದಲ್ಲಿ ತಿರುಚು, ಹೀಗೆ. 1930ರಲ್ಲಿ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಇಂಥ ಗುಂಪುಗಳಿಗೆ ಒಂದು ಪಾರಿಭಾಷಿಕ ಹೆಸರನ್ನೂ ಇಟ್ಟ. 2004ರಲ್ಲಿ ಇನ್ನೊಬ್ಬ ಭಾಷಾವಿಜ್ಞಾನಿ ಬೆಂಜಮಿನ್ ಬರ್ಗೆನ್ ಪ್ರಕಟಿಸಿದ ಪ್ರಯೋಗದಲ್ಲಿ, ಪರದೆಯ ಮೇಲೆ ಒಂದು ಮಾತು ಕ್ಷಣಕಾಲ ಮಿಂಚಿ ಮರೆಯಾದ ಮೇಲೆ ಎರಡನೆಯ ಮಾತು ಕಾಣಿಸುತ್ತಿತ್ತು; ಅದು ಇಂಗ್ಲಿಷ್ ಮಾತು ಹೌದೋ ಅಲ್ಲವೋ ಎಂದು ಕೂತವರು ಹೇಳಬೇಕಿತ್ತು. ಎರಡೂ ಮಾತು ‘ಗ್ಲ’ದಿಂದ ಶುರುವಾಗಿ ಎರಡೂ ಬೆಳಕಿಗೆ ಸೇರಿದ್ದಾಗ ಉತ್ತರ ಬೇಗ ಬಂತು, ಬರೀ ದನಿ ಹೊಂದಿದಾಗ, ಬರೀ ಅರ್ಥ ಹೊಂದಿದಾಗ ಆ ವೇಗ ಇರಲಿಲ್ಲ. ಅಂದರೆ ‘ಗ್ಲ’ ಮತ್ತು ಬೆಳಕಿನ ಜೋಡಿ ಇಂಗ್ಲಿಷರ ಮನಸ್ಸಿನಲ್ಲಿ ನಿಜವಾಗಿಯೂ ಕೆಲಸ ಮಾಡುತ್ತಿದೆ. ಬಿಡಿ ವರ್ಣಕ್ಕೆ ಅರ್ಥವಿಲ್ಲ ಎಂದವರು ಇದನ್ನು ತಳ್ಳಿಹಾಕುವಂತಿಲ್ಲ.

ಹಾಗಾದರೆ ಸ್ವಭಾವವಾದ ಗೆದ್ದಿತೇ? ಆ ಗುಂಪಿನ ಒಳಗೆ ಹೊಕ್ಕು ಒಂದೊಂದು ಮಾತಿನ ಕುಲಗೋತ್ರ ವಿಚಾರಿಸಿದರೆ ಬೇರೆಯೇ ಕತೆ ಇದೆ. ಗ್ಲಾಸ್, ಗ್ಲೀಮ್, ಗ್ಲೋ ಇವುಗಳನ್ನು ವಿದ್ವಾಂಸರು ಒಂದೇ ಪ್ರಾಚೀನ ಧಾತುವಿಗೆ ಸೇರಿಸುತ್ತಾರೆ. ಅದೇ ಧಾತು ಸಂಸ್ಕೃತದಲ್ಲಿ ಹರಿ, ಹಿರಣ್ಯ ಎಂಬ ರೂಪ ತಾಳಿದೆ, ಅಲ್ಲಿ ‘ಗ್ಲ’ದ ಸುಳಿವೇ ಇಲ್ಲ. ಇವು ಒಂದೇ ತಾಯಿಯ ಮಕ್ಕಳಾದ್ದರಿಂದ ಮುಖ ಹೋಲುತ್ತದೆ, ಅಷ್ಟೆ. ನಿಜವಾದ ಕುತೂಹಲ ಇರುವುದು ಹೊರಗಿನಿಂದ ಬಂದು ಈ ಮನೆ ಸೇರಿದವುಗಳಲ್ಲಿ. ಗ್ಲಾನ್ಸ್ ಎಂಬುದರ ಮೂಲ ಹಳೆಯ ಫ್ರೆಂಚಿನ ಜಾರುವಿಕೆ. ಅದರ ಹಿಂದೆ ಇರುವುದು ಮಂಜುಗಡ್ಡೆ. ಜಾರುವ ಮಾತು ಇಂಗ್ಲಿಷಿಗೆ ಬಂದು ಓರೆಯಾಗಿ ತಾಗುವ ಏಟಾಗಿ, ಆಮೇಲೆ ಓರೆನೋಟವಾಯಿತು. ಗ್ಲಾಮರ್ ಇನ್ನೂ ಸೊಗಸು. ಅದು ಗ್ರಾಮರ್ ಎಂಬ ಮಾತಿನ ಸ್ಕಾಟ್ಲೆಂಡಿನ ಅವತಾರ. ಓದುಬರಹ ಬಲ್ಲವರು ಮಾಟಮಂತ್ರವನ್ನೂ ಬಲ್ಲರು ಎಂದು ಜನ ನಂಬಿದ್ದ ಕಾಲದಲ್ಲಿ ವ್ಯಾಕರಣದ ಹೆಸರೇ ಮೋಡಿಯ ಹೆಸರಾಯಿತು, ‘ರ’ ಜಾಗದಲ್ಲಿ ‘ಲ’ ಬಂತು, ವಾಲ್ಟರ್ ಸ್ಕಾಟ್ 19ನೆಯ ಶತಮಾನದ ಆರಂಭದಲ್ಲಿ ತನ್ನ ಬರಹಗಳಲ್ಲಿ ಬಳಸಿ ಅದನ್ನು ಇಂಗ್ಲೆಂಡಿಗೆಲ್ಲ ಪರಿಚಯಿಸಿದ. ಅಲ್ಲಿಯವರೆಗೆ ಅದರಲ್ಲಿ ಹೊಳಪೇನೂ ಇರಲಿಲ್ಲ, ಇದ್ದದ್ದು ಕಣ್ಕಟ್ಟು. ಗ್ಲಿಟರ್, ಗ್ಲೋಗಳ ನೆರೆಯಲ್ಲಿ ನೂರು ವರ್ಷ ಬಾಳಿದ ಮೇಲೆ ಈಗ ಗ್ಲಾಮರ್ ಎಂದರೆ ಸಿನಿಮಾ ನಟಿಯ ಮುಖದ ಮೇಲಿನ ಬೆಳಕು. ವ್ಯಾಕರಣ ಓದಿ ಬೇಸತ್ತ ಹುಡುಗರಿಗೆ ಈ ಸಂಬಂಧವನ್ನು ಹೇಳಿದರೆ ನಂಬುವುದು ಕಷ್ಟ.

ಗ್ಲೋರಿಯ ದಾರಿ ಇನ್ನೂ ದೂರದ್ದು, ಅದು ಧರ್ಮದ ಮೂಲಕವೇ ಹಾದುಬಂದದ್ದು. ಹೀಬ್ರೂ ಬೈಬಲ್ಲಿನಲ್ಲಿ ದೇವರ ಮಹಿಮೆಗೆ ಇರುವ ಕಾವೋದ್ ಎಂಬ ಮಾತಿನ ಬೇರಿನಲ್ಲಿರುವುದು ಭಾರ, ತೂಕ. ಗ್ರೀಕಿಗೆ ತಂದವರು ಅದಕ್ಕೆ ದೊಕ್ಸಾ ಎಂದರು. ಆ ಭಾಷೆಯಲ್ಲಿ ಅದಕ್ಕೆ ಅಭಿಪ್ರಾಯ, ಜನರ ಬಾಯಲ್ಲಿನ ಹೆಸರು ಎಂಬ ಅರ್ಥವಿತ್ತು. ಲ್ಯಾಟಿನ್ನಿಗೆ ಬಂದಾಗ ಗ್ಲೋರಿಯಾ, ಕೀರ್ತಿ. ಇಂಗ್ಲಿಷಿನಲ್ಲಿ ಗ್ಲೋರಿ ಸಂತರ ತಲೆಯ ಸುತ್ತಲಿನ ಪ್ರಭಾವಳಿಗೂ ಹೆಸರಾಯಿತು. ದೇವರು ತೇಜಸ್ಸಿನಲ್ಲಿ ಕಾಣಿಸಿಕೊಳ್ಳುವ ಬೈಬಲ್ಲಿನ ಕತೆಗಳೇ ಇದಕ್ಕೆ ಮುಖ್ಯ ಕಾರಣ ಎನ್ನಬೇಕು. ಅಕ್ಷರದ ಪ್ರಭಾವ ಎಷ್ಟಿತ್ತೋ ಅಳೆಯಲಾಗದು. ಆದರೆ ತೂಕ, ಹೆಸರು, ಕೀರ್ತಿ, ಬೆಳಕು ಎಂಬ ಈ ನಾಲ್ಕು ಮೆಟ್ಟಿಲುಗಳಲ್ಲಿ ಯಾವ ಮೆಟ್ಟಿಲಿನ ಮೇಲೂ ದನಿ ತನ್ನಷ್ಟಕ್ಕೆ ಅರ್ಥವನ್ನು ಕೊಡಲಿಲ್ಲ. ಕೊಟ್ಟದ್ದು ಬಳಸಿದವರ ಕತೆಗಳು, ಪೂಜೆಗಳು, ಭಾಷಾಂತರಗಳು. ಇನ್ನು ಈ ಮನೆಯ ಬೆಳಕಿಗೆ ಸಂಬಂಧವೇ ಇಲ್ಲದ ನೆಂಟರೂ ಬೇಕಾದಷ್ಟಿದ್ದಾರೆ: ಕೈಗವಸಾದ ಗ್ಲವ್, ಅಂಟಾದ ಗ್ಲೂ, ಗೋಳವಾದ ಗ್ಲೋಬ್, ಹೊಟ್ಟೆಬಾಕನಾದ ಗ್ಲಟನ್, ಗ್ರಂಥಿಯಾದ ಗ್ಲ್ಯಾಂಡ್. ದನಿಯಲ್ಲೇ ಬೆಳಕಿದ್ದರೆ ಕೈಗವಸೂ ಹೊಳೆಯಬೇಕಿತ್ತು.

ಭಾಷೆಯ ಗಡಿ ದಾಟಿದರೆ ಸ್ವಭಾವವಾದ ಪೂರ್ತಿ ಕುಸಿಯುತ್ತದೆ. ಪ್ಲೇಟೋವಿನ ಕ್ರಾಟಿಲಸ್ ಸಂವಾದದಲ್ಲಿ ಸಾಕ್ರಟೀಸ್ ಇದೇ ‘ಗ್ಲ’ವನ್ನು ಎತ್ತಿಕೊಳ್ಳುತ್ತಾನೆ. ‘ಲ’ ಎನ್ನುವಾಗ ನಾಲಗೆ ಜಾರುತ್ತದೆ, ‘ಗ’ ಅದನ್ನು ತಡೆದು ಹಿಡಿಯುತ್ತದೆ; ಆದ್ದರಿಂದಲೇ ಅಂಟಂಟಾದದ್ದಕ್ಕೂ ಸಿಹಿಗೂ ಗ್ರೀಕಿನಲ್ಲಿ ‘ಗ್ಲ’ದಿಂದ ಶುರುವಾಗುವ ಹೆಸರುಗಳು ಬಂದವು ಎಂಬುದು ಅವನು ಅಲ್ಲಿ ಹೂಡುವ ತರ್ಕ. ನಮ್ಮ ಗ್ಲೂಕೋಸ್ ಆ ಸಿಹಿಯ ವಂಶದ್ದು. ಗ್ರೀಕನ ಕಿವಿಗೆ ಬೆಲ್ಲದ ಪಾಕವಾಗಿ ಕೇಳಿದ ದನಿಯೇ ಇಂಗ್ಲಿಷನ ಕಿವಿಗೆ ಕಿಡಿಯಾಗಿ ಕೇಳುತ್ತದೆ. ಸಂಸ್ಕೃತದಲ್ಲಿ ಧರ್ಮಕ್ಕೆ ಬರುವ ಗ್ಲಾನಿ ಎಂದರೆ ಬಾಡುವುದು, ಕುಗ್ಗುವುದು. ಅಮರಕೋಶದಲ್ಲಿ ಚಂದ್ರನ ಹೆಸರುಗಳ ನಡುವೆ ಗ್ಲೌ ಎಂಬುದೂ ಇದೆ. ಅತಿ ಉತ್ಸಾಹಿಗಳು ಕೂಡಲೇ ಅದನ್ನು ಇಂಗ್ಲಿಷಿನ ಗ್ಲೋ ಪಕ್ಕ ತಂದು ಕೂರಿಸುತ್ತಾರೆ, ಗ್ಲಾನಿಯನ್ನು ಮಾತ್ರ ಹೊರಗೇ ನಿಲ್ಲಿಸುತ್ತಾರೆ. ಕನ್ನಡದಲ್ಲಿ ಹೊಳಪಿನ ಗುಂಪಿಗೆ ಮೊದಲಕ್ಷರ ‘ಮಿ’. ಮಿಂಚು, ಮಿನುಗು, ಮಿಣುಕು, ಮಿರುಗು, ಹಳಗನ್ನಡದಲ್ಲಿ ಚಿನ್ನಕ್ಕೆ ಮಿಸುನಿ. ಮಿದುಳು, ಮಿಡತೆಗಳು ಗ್ಲವ್, ಗ್ಲೂಗಳ ಹಾಗೆ ಆ ಗುಂಪಿನಿಂದ ಹೊರಗೆ. ಎರಡು ಭಾಷೆಗಳಲ್ಲೂ ಗುಂಪುಗಟ್ಟುವ ಪ್ರವೃತ್ತಿ ಇದೆ, ಆದರೆ ಗುಂಪು ಸೇರಲು ಆರಿಸಿಕೊಂಡ ದನಿ ಬೇರೆ. ಪ್ರವೃತ್ತಿ ಮನುಷ್ಯ ಮನಸ್ಸಿನದು. ಯಾವ ದನಿಗೆ ಯಾವ ಅರ್ಥ ಎಂಬುದು ಆಯಾ ಭಾಷೆಯ ಚರಿತ್ರೆಯದು.

ಇಲ್ಲಿ ಒಂದು ಆಕ್ಷೇಪಣೆಯನ್ನು ಗಂಭೀರವಾಗಿ ಕೇಳಬೇಕು. ಮೊನಚಾದ ಒಂದು ಆಕಾರ, ಗುಂಡಗಿನ ಒಂದು ಆಕಾರ ತೋರಿಸಿ, ಇವುಗಳಲ್ಲಿ ಕಿಕಿ ಯಾವುದು, ಬೂಬಾ ಯಾವುದು ಎಂದು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಮೊನಚಾದದ್ದನ್ನು ಕಿಕಿ ಎನ್ನುತ್ತಾರೆ. 1929ರಲ್ಲಿ ಕೋಲರ್ ಎಂಬ ಮನಶ್ಶಾಸ್ತ್ರಜ್ಞ ಬೇರೆ ಹೆಸರುಗಳೊಂದಿಗೆ ತೋರಿಸಿದ್ದನ್ನು 2001ರಲ್ಲಿ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬಾರ್ಡ್ ಮತ್ತೆ ಮುಂದಿಟ್ಟರು. ಇಂಗ್ಲಿಷ್ ನುಡಿಯುವವರಲ್ಲೂ ತಮಿಳು ನುಡಿಯುವವರಲ್ಲೂ ಫಲಿತಾಂಶ ಒಂದೇ. ಕಾಗೆಗೆ ಕಾಕ ಎಂಬ ಹೆಸರು ಅದರ ಕೂಗಿನಿಂದಲೇ ಬಂದದ್ದು ಎಂದು ಯಾಸ್ಕನೂ ನಿರುಕ್ತದಲ್ಲಿ ಹೇಳುತ್ತಾನೆ. ಅಲ್ಲೇ ಔಪಮನ್ಯವ ಅದನ್ನು ಒಪ್ಪುವುದಿಲ್ಲ ಎಂಬುದನ್ನೂ ದಾಖಲಿಸುತ್ತಾನೆ. ಕನ್ನಡದ ಥಳಥಳ, ಗುಡುಗುಡು, ಪಟಪಟಗಳನ್ನು ಇಟ್ಟುಕೊಂಡು ದನಿಗೂ ಅನುಭವಕ್ಕೂ ಯಾವ ಸಹಜ ನಂಟೂ ಇಲ್ಲ ಎನ್ನುವುದು ಹಟವಾದೀತು. ಇಲ್ಲ, ನಂಟು ಇದೆ. ಆದರೆ ಅದು ಎಷ್ಟು ದೂರ ಬರುತ್ತದೆ ಎಂಬುದನ್ನೂ ನೋಡಬೇಕು. ನಾಲಗೆ ತುಟಿಗಳ ಚಲನೆಯಿಂದ ಮೊನಚು ಗುಂಡಗು, ದೊಡ್ಡದು ಚಿಕ್ಕದು, ಸದ್ದು ನಿಶ್ಶಬ್ದ ಇಂಥ ಕೆಲವು ಒರಟು ಗುಣಗಳನ್ನು ಸೂಚಿಸಬಹುದು. ಬಾವಿ, ಕಂಬ, ಕೀರ್ತಿ, ಆತ್ಮ ಇವನ್ನು ಸೂಚಿಸಲಾಗದು. ಸಾಕ್ರಟೀಸನಿಗೂ ಇದು ಗೊತ್ತಿತ್ತು: ನುಣುಪಿಗೆ ಹೊಂದುವ ‘ಲ’ಕಾರ ಗ್ರೀಕಿನಲ್ಲಿ ಗಡಸುತನವನ್ನು ಹೇಳುವ ಮಾತಿನ ಒಳಗೇ ಕೂತಿದೆ, ಆದರೂ ಕೇಳಿದವರಿಗೆ ಅರ್ಥವಾಗುತ್ತದೆ, ಅಭ್ಯಾಸದ ಬಲವಿಲ್ಲದೆ ಅದು ಸಾಧ್ಯವಿಲ್ಲ ಎಂದು ಅವನು ಸ್ವಭಾವವಾದಿಯಾದ ಕ್ರಾಟಿಲಸನ ಬಾಯಿಂದಲೇ ಒಪ್ಪಿಸುತ್ತಾನೆ. ಸಹಜ ನಂಟು ಬೀಜದಷ್ಟು. ಬೆಳೆದ ಮರದ ರೆಂಬೆ ಯಾವ ದಿಕ್ಕಿಗೆ ಹೋಗಿದೆ ಎಂದು ಬೀಜವನ್ನು ನೋಡಿ ಹೇಳಲಾಗದು.

ಈಗ ಜಿ ಮತ್ತು ಎಚ್. ಗೋಸ್ಟ್ ಎಂದರೆ ದೆವ್ವ, ಗೂಲ್ ಎಂದರೆ ಹೆಣ ತಿನ್ನುವ ಪಿಶಾಚಿ, ಗಾಸ್ಟ್ಲಿ ಎಂದರೆ ಭೀಕರ. ಈ ಮೂರನ್ನು ಮಾತ್ರ ನೋಡಿದರೆ ಜಿ-ಎಚ್ ಜೋಡಿಯಲ್ಲೇ ಸ್ಮಶಾನದ ಗಾಳಿ ಇದೆ ಎನ್ನಬಹುದು, ಅದಕ್ಕೆ ತಕ್ಕಂತೆ ಕನ್ನಡ ಬರಹದಲ್ಲಿ ಮಹಾಪ್ರಾಣ ಹಾಕಿ ಘೋಸ್ಟ್ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಇಂಗ್ಲಿಷರ ಬಾಯಲ್ಲಿ ಅಲ್ಲಿ ಮಹಾಪ್ರಾಣ ಇಲ್ಲ, ಹಿಂದೆಯೂ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಮಾತಿಗೆ ಎಚ್ ಅಕ್ಷರವೇ ಇರಲಿಲ್ಲ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ; ಅವನು ಕಸುಬು ನಡೆಸಿ ಬಂದದ್ದು ಫ್ಲಾಂಡರ್ಸ್ ನಾಡಿನಲ್ಲಿ, ಅಲ್ಲಿನ ನುಡಿಯಲ್ಲಿ ಆ ಮಾತನ್ನು ಎಚ್ ಸೇರಿಸಿ ಬರೆಯುತ್ತಿದ್ದರು. ಮೊಳೆ ಜೋಡಿಸುವವರ ಕೈ ಅಭ್ಯಾಸದಿಂದ ಎಚ್ ಒಳನುಗ್ಗಿತು ಎಂಬುದು ಭಾಷಾ ಚರಿತ್ರಕಾರರು ಸಾಮಾನ್ಯವಾಗಿ ಒಪ್ಪುವ ವಿವರಣೆ. ಅದೇ ಅಭ್ಯಾಸದಲ್ಲಿ ಹೆಬ್ಬಾತಿಗೂ ಮೇಕೆಗೂ ಎಚ್ ಬಿದ್ದಿತ್ತು, ಅವು ಕಳಚಿಕೊಂಡವು. ದೆವ್ವಕ್ಕೆ ಅಂಟಿದ್ದು ಮಾತ್ರ ಬಿಡಲಿಲ್ಲ. ಗಾಸ್ಟ್ಲಿಗೆ ಎಚ್ ಬಂದದ್ದು ದೆವ್ವದ ನೆರೆಹೊರೆಯಿಂದ. ಗೂಲ್ ಅರಬ್ಬಿಯದು, 18ನೆಯ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂತು. ಅಲ್ಲಿನ ಎಚ್ ಅರಬ್ಬಿಯ ಗಂಟಲ ದನಿಯೊಂದನ್ನು ತೋರಿಸಲು. ಯಹೂದ್ಯರನ್ನು ಕೂಡಿಹಾಕಿದ ಕೇರಿಗೆ 1516ರಲ್ಲಿ ವೆನಿಸ್ಸಿನಲ್ಲಿ ಬಿದ್ದ ಹೆಸರು ಗೆಟೋ. ಅಲ್ಲಿನ ಎಚ್ ಇಟಾಲಿಯನ್ ಕಾಗುಣಿತದ ನಿಯಮ, ‘ಜೆ’ ಎಂದು ಓದದೆ ‘ಗೆ’ ಎಂದು ಓದಿ ಎಂಬ ಸೂಚನೆ. ಇನ್ನು ನಮ್ಮ ತುಪ್ಪ, ಅಂದರೆ ಹಿಂದಿಯ ಘೀ, ಮತ್ತು ನಮ್ಮ ಘಟ್ಟ: ಇವೆರಡರಲ್ಲಿ ಮಾತ್ರ ಎಚ್ ನಿಜವಾದ ಮಹಾಪ್ರಾಣವನ್ನು ಗುರುತಿಸಲು ಬಂದದ್ದು, ಇಂಗ್ಲಿಷರು ಅದನ್ನೂ ನುಡಿಯುವುದಿಲ್ಲ. ದೆವ್ವಕ್ಕೆ ಮೊಳೆಗಾರ, ಪಿಶಾಚಿಗೆ ಅರಬ್ಬಿ ಗಂಟಲು, ಕೇರಿಗೆ ಇಟಲಿಯ ಕಾಗುಣಿತ, ತುಪ್ಪಕ್ಕೆ ಹಿಂದಿಯ ವರ್ಗಾಕ್ಷರ. ಮೊದಲೆರಡು ಅಕ್ಷರ ಒಂದೇ, ಉಚ್ಚಾರ ಒಂದೇ, ಕಾರಣಗಳು ನಾಲ್ಕು, ಅರ್ಥಗಳಿಗೆ ಸಂಬಂಧವೇ ಇಲ್ಲ. ಪತಂಜಲಿಗೆ ಇದು ಸಿಕ್ಕಿದ್ದರೆ ಯೂಪದ ಪಕ್ಕ ಇನ್ನೊಂದು ಕಂಬ ನೆಡುತ್ತಿದ್ದ.

ಕೆ ಮತ್ತು ಎನ್ ಗುಂಪಿನಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ನೀ ಎಂದರೆ ಮೊಣಕಾಲು, ನಕಲ್ ಎಂದರೆ ಬೆರಳ ಗೆಣ್ಣು, ನಾಟ್ ಎಂದರೆ ಗಂಟು, ನಾಬ್ ಎಂದರೆ ಗುಬಟು, ನೋಲ್ ಎಂದರೆ ದಿಬ್ಬ. ಉಬ್ಬಿದ್ದು, ಗಂಟಾದದ್ದು ಎಂಬ ಹೋಲಿಕೆ ಎದ್ದು ಕಾಣುತ್ತದೆ. ಒಂದಾನೊಂದು ಕಾಲದಲ್ಲಿ ಇವುಗಳ ಕೆ ಅನ್ನು ನುಡಿಯುತ್ತಿದ್ದರು. ಜರ್ಮನರು ಈಗಲೂ ಮೊಣಕಾಲಿಗೆ ಕ್ನೀ ಎನ್ನುತ್ತಾರೆ. ಇಂಗ್ಲಿಷರು 17ನೆಯ ಶತಮಾನದ ಹೊತ್ತಿಗೆ ನುಡಿಯುವುದನ್ನು ಬಿಡತೊಡಗಿದರು, ಬರೆಯುವುದನ್ನು ಬಿಡಲಿಲ್ಲ. ದನಿಯಲ್ಲೇ ಅರ್ಥವಿದ್ದರೆ ದನಿ ಹೋದ ದಿನ ಗಂಟು ಸಡಿಲವಾಗಬೇಕಿತ್ತು; ಆಗಲಿಲ್ಲ. ಅಕ್ಷರದಲ್ಲಿ ಅರ್ಥವಿದೆ ಎನ್ನೋಣವೆಂದರೆ ಓದುಬರಹ ಇಲ್ಲದವನೂ ಗಂಟು ಕಟ್ಟುತ್ತಿದ್ದ. ನೈಟ್ ಎಂಬ ಮಾತಿನಲ್ಲಿ ಕೆ ಸತ್ತದ್ದಷ್ಟೇ ಅಲ್ಲ, ನಡುವಿನ ಜಿ-ಎಚ್ ದನಿಯೂ ಸತ್ತಿತು, ಅರ್ಥವೂ ತಿರುಗಿತು: ಹಳೆಯ ಇಂಗ್ಲಿಷಿನಲ್ಲಿ ಹುಡುಗ, ಆಳು ಎಂದಿದ್ದದ್ದು ಕುದುರೆಯೇರಿದ ವೀರನಾಯಿತು, ಅದರ ಜರ್ಮನ್ ಸೋದರ ಕ್ನೆಖ್ಟ್ ಮಾತ್ರ ಇನ್ನೂ ಆಳಾಗಿಯೇ ದುಡಿಯುತ್ತಿದೆ. ಇದೇ ಕೆ-ಎನ್ ಇರುವ ನಾಲೆಜ್‌ನ ಬೇರು, ಗ್ರೀಕಿನಿಂದ ಬಂದ ನೋಸಿಸ್ ಎಂಬ ಮಾತಿನ ಮೂಕ ಜಿ, ನಮ್ಮ ಜ್ಞಾನದ ಜ್ಞ ಎಲ್ಲವೂ ಒಂದೇ ಧಾತುವಿನ ಸಂತಾನ. ಆಜಾನುಬಾಹು ಎನ್ನುವಾಗಿನ ಜಾನುವಿಗೂ ಇಂಗ್ಲಿಷರ ಮೊಣಕಾಲಿಗೂ ಇಂಥದೇ ನಂಟು. ಜ್ಞವನ್ನು ಬರೆದಂತೆ ನುಡಿಯುವ ಕನ್ನಡಿಗ ಅಪರೂಪ. ನಮ್ಮ ಬಾಯಲ್ಲಿ ಅದು ಗ್ಯ ಅಥವಾ ಗ್ನ್ಯ, ಮರಾಠಿಯಲ್ಲಿ ದ್ನ್ಯ. ಜ್ಞಾನ ಕಡಿಮೆಯಾಯಿತೆಂದು ಇದಕ್ಕೆ ಯಾರೂ ಅಳುವುದಿಲ್ಲ.

ಇಷ್ಟು ಸಾಕ್ಷ್ಯದೊಂದಿಗೆ ನಮ್ಮ ದರ್ಶನಗಳ ಹಳೆಯ ವಿವಾದಕ್ಕೆ ಬರಬಹುದು. ಶಬ್ದಾರ್ಥಗಳ ನಂಟು ಹುಟ್ಟಿನಿಂದಲೇ ಇರುವಂಥದು, ಅದಕ್ಕೆ ಕರ್ತೃವಿಲ್ಲ ಎಂದು ಮೀಮಾಂಸಾಸೂತ್ರಕಾರ ಜೈಮಿನಿಯ ಮತ. ವೇದದ ಪ್ರಾಮಾಣ್ಯಕ್ಕೆ ಇದೇ ಅಡಿಗಲ್ಲು: ನಂಟನ್ನು ಯಾರೋ ಮಾಡಿದ್ದರೆ ಮಾಡಿದವನು ತಪ್ಪಿರಬಹುದು, ಯಾರೂ ಮಾಡದಿದ್ದರೆ ತಪ್ಪಿಗೆ ಎಡೆಯಿಲ್ಲ. ನ್ಯಾಯಸೂತ್ರ ಇದನ್ನು ನೇರವಾಗಿ ಗೇಲಿ ಮಾಡುತ್ತದೆ. ಶಬ್ದದಲ್ಲೇ ವಸ್ತು ಇದ್ದರೆ ಅನ್ನ ಎಂದಾಗ ಬಾಯಿ ತುಂಬಬೇಕು, ಬೆಂಕಿ ಎಂದಾಗ ಸುಡಬೇಕು, ಕತ್ತಿ ಎಂದಾಗ ಸೀಳಬೇಕು. ಮೀಮಾಂಸಕ ಹೇಳದ ಮಾತನ್ನು ಅವನ ತಲೆಗೆ ಕಟ್ಟಿದ ಗೇಲಿ ಇದು, ಆದರೂ ಚೆನ್ನಾಗಿದೆ. ಮೀಮಾಂಸಕರ ಮರುಪ್ರಶ್ನೆ ಇದಕ್ಕಿಂತ ಕಠಿಣ. ಸಂಕೇತ ಎಂದರೆ ‘ಇದಕ್ಕೆ ಇದು ಹೆಸರು’ ಎಂಬ ಒಪ್ಪಂದ. ಆ ಒಪ್ಪಂದ ಮಾಡಿಕೊಳ್ಳಲು ಮೊದಲೇ ಮಾತು ಬೇಕಲ್ಲ? ಆ ಮಾತಿಗೆ ಇನ್ನೊಂದು ಒಪ್ಪಂದ, ಅದಕ್ಕೆ ಮತ್ತೊಂದು, ಇದಕ್ಕೆ ಕೊನೆಯಿಲ್ಲ. ನೈಯಾಯಿಕರು ಈ ಇಕ್ಕಟ್ಟಿನಿಂದ ಪಾರಾಗಲು ಮೊದಲ ಸಂಕೇತವನ್ನು ಈಶ್ವರನ ಇಚ್ಛೆಗೆ ಒಪ್ಪಿಸಿದರು. ಆದರೆ ಇಂಗ್ಲಿಷಿನ ದಾಖಲೆ ನೋಡಿದರೆ ಇಬ್ಬರೂ ಒಂದೇ ಊಹೆಯನ್ನು ಹಂಚಿಕೊಂಡಿರುವುದು ತಿಳಿಯುತ್ತದೆ. ನಂಟು ಹುಟ್ಟಬೇಕಾದರೆ ಯಾರಾದರೂ ಅದನ್ನು ಉದ್ದೇಶಪಟ್ಟು ಹುಟ್ಟಿಸಬೇಕು ಎಂಬ ಊಹೆ ಅದು. ಗ್ಲಾಮರಿಗೆ ಹೊಳಪು ಕೊಡೋಣ ಎಂದು ಯಾವ ಸಭೆಯೂ ಸೇರಲಿಲ್ಲ. ಆಳನ್ನು ವೀರನಾಗಿಸಿ ಕೆ ಅನ್ನು ಮೂಕವಾಗಿಸೋಣ ಎಂದು ಯಾರೂ ಠರಾವು ಮಾಡಲಿಲ್ಲ. ಮೊಳೆಗಾರನಿಗೆ ದೆವ್ವದ ಕಾಗುಣಿತವನ್ನು ಐದು ಶತಮಾನಗಳ ಮಟ್ಟಿಗೆ ನಿರ್ಧರಿಸುವ ಇಚ್ಛೆ ಇದ್ದಿರಲಾರದು. ಕೋಟ್ಯಂತರ ಬಾಯಿಗಳ ಬಳಕೆಯಲ್ಲಿ, ಒಬ್ಬೊಬ್ಬರೂ ಹಿಂದಿನವರನ್ನು ಅನುಸರಿಸುತ್ತಲೇ ಕೂದಲೆಳೆಯಷ್ಟು ಜರುಗುತ್ತ, ನಂಟು ಹುಟ್ಟಿತು, ಬೆಳೆಯಿತು, ಬದಲಾಯಿತು. ಅಪೌರುಷೇಯ ಎಂದರೆ ಯಾವ ಒಬ್ಬ ಪುರುಷನೂ ಮಾಡದ್ದು ಎಂದಷ್ಟೇ ಆದರೆ, ವೇದವೊಂದೇ ಏಕೆ, ಬೀದಿಯ ಮಾತೂ ಅಪೌರುಷೇಯವೇ. ಕರ್ತೃವಿಲ್ಲದಿರುವುದರಿಂದ ನಿತ್ಯತ್ವ ಸಿದ್ಧಿಸುವುದಿಲ್ಲ.

ಮೀಮಾಂಸಕ ಇಷ್ಟಕ್ಕೆ ಸೋಲೊಪ್ಪುವುದಿಲ್ಲ. ನೀವು ತೋರಿಸಿದ್ದೆಲ್ಲ ಮ್ಲೇಚ್ಛರ ಅಪಭ್ರಂಶ, ಸಾಧುಶಬ್ದ ಬದಲಾಗುವುದಿಲ್ಲ ಎನ್ನಬಹುದು. ಇದಕ್ಕೆ ಉತ್ತರವನ್ನು ಅವರ ಮನೆಯಿಂದಲೇ ತರಬಹುದು. ವೇದದಲ್ಲಿ ಬರುವ ಪಿಕ, ನೇಮ, ತಾಮರಸದಂಥ ಮಾತುಗಳು ಆರ್ಯರಿಗೆ ಗೊತ್ತಿಲ್ಲದೆ ಮ್ಲೇಚ್ಛರಿಗೆ ಗೊತ್ತಿದ್ದರೆ ಅರ್ಥವನ್ನು ಅವರಿಂದಲೇ ಕಲಿಯಬೇಕೆಂದು ಮೀಮಾಂಸೆಯ ಭಾಷ್ಯಕಾರ ಶಬರ ಒಪ್ಪುತ್ತಾನೆ. ಅದನ್ನು ಚರ್ಚಿಸುತ್ತ ಕುಮಾರಿಲ ಭಟ್ಟ ತನ್ನ ತಂತ್ರವಾರ್ತಿಕದಲ್ಲಿ ದ್ರಾವಿಡ ನುಡಿಯ ಉದಾಹರಣೆಗಳನ್ನೇ ಕೊಡುತ್ತಾನೆ. ದ್ರಾವಿಡರು ಅನ್ನಕ್ಕೆ ಚೋರ್ ಎಂದರೆ ಪಂಡಿತರು ಅದಕ್ಕೊಂದು ಸ್ವರ ಸೇರಿಸಿ ಚೋರ, ಅಂದರೆ ಕಳ್ಳ, ಎಂದು ಮಾಡಿಕೊಳ್ಳುತ್ತಾರೆ. ಹಾವಿನ ಹೆಸರನ್ನು ಪಾಪವೆಂದು ತಿದ್ದಿ, ಹಾವು ಪಾಪಿಯೇ ತಾನೆ ಎಂದು ತಲೆದೂಗುತ್ತಾರೆ. ಹೊಟ್ಟೆಯ ಹೆಸರಾದ ವೈರ್ ಅನ್ನು ವೈರಿಯಾಗಿಸಿ ಹಸಿದ ಹೊಟ್ಟೆ ಹಗೆಯೇ ಸರಿ ಎನ್ನುತ್ತಾರೆ. ಮೊದಲಕ್ಷರಗಳ ಹೋಲಿಕೆಯಿಂದ ಅರ್ಥ ಕಟ್ಟುವ ಚಪಲಕ್ಕೆ ಇದಕ್ಕಿಂತ ಒಳ್ಳೆಯ ಅಣಕ ನನಗೆ ಗೊತ್ತಿಲ್ಲ, ಅದೂ ಶಬ್ದನಿತ್ಯತ್ವವನ್ನು ಪ್ರತಿಪಾದಿಸಿದವನ ಕೈಯಿಂದ. ದ್ರಾವಿಡನ ಮಾತಿನ ಅರ್ಥವನ್ನು ದ್ರಾವಿಡನ ಬಳಕೆಯಲ್ಲೇ ಹುಡುಕಬೇಕು ಎಂದ ಮೇಲೆ, ಅರ್ಥ ಬಳಕೆಯಲ್ಲಿದೆ ಎಂಬುದಕ್ಕೆ ಇನ್ನೊಂದೇ ಹೆಜ್ಜೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪಣೆ ಮಂತ್ರದ್ದು. ಅರ್ಥ ಬಳಕೆಯ ಕೂಸಾದರೆ ಉಚ್ಚಾರದ ಬಗ್ಗೆ ಅಷ್ಟು ಕಟ್ಟುನಿಟ್ಟು ಏಕೆ? ತ್ವಷ್ಟೃವಿನ ಯಜ್ಞದಲ್ಲಿ ಇಂದ್ರಶತ್ರು ಎಂಬ ಮಾತಿನ ಸ್ವರ ತಪ್ಪಿ, ಇಂದ್ರನನ್ನು ಕೊಲ್ಲುವವನು ಹುಟ್ಟಬೇಕಾದಲ್ಲಿ ಇಂದ್ರನಿಂದ ಸಾಯುವವನು ಹುಟ್ಟಿದ ಎಂಬ ಕತೆ ಏಕೆ ಹುಟ್ಟಿತು? ಆ ಕತೆಯ ಒಳಗಿರುವುದು ವ್ಯಾಕರಣ: ಉದಾತ್ತ ಕೊನೆಗೆ ಬಿದ್ದರೆ ತತ್ಪುರುಷ, ಮೊದಲಿಗೆ ಬಿದ್ದರೆ ಬಹುವ್ರೀಹಿ. ಇಂಗ್ಲಿಷಿನಲ್ಲಿ ಸಿ-ಓ-ಎನ್‌ನಿಂದ ಶುರುವಾಗುವ ಕಾನ್ವಿಕ್ಟ್ ಎಂಬುದರ ಮೊದಲ ಭಾಗಕ್ಕೆ ಒತ್ತು ಕೊಟ್ಟರೆ ಅಪರಾಧಿ, ಎರಡನೆಯದಕ್ಕೆ ಕೊಟ್ಟರೆ ಅಪರಾಧಿಯೆಂದು ತೀರ್ಮಾನಿಸುವ ಕ್ರಿಯೆ. ಕಾಂಟ್ರಾಕ್ಟ್, ಕಾನ್‌ಫ್ಲಿಕ್ಟ್‌ಗಳದ್ದೂ ಇದೇ ನಡೆ; ಅದೇ ಅಕ್ಷರಗಳ ಕಂಟ್ರೋಲ್, ಕನ್ಸೆಂಟ್‌ಗಳಲ್ಲಿ ಒತ್ತು ಕದಲುವುದೇ ಇಲ್ಲ. ಒತ್ತು ಅರ್ಥವನ್ನು ಬದಲಿಸುತ್ತದೆ, ಪ್ರಾಣ ಹೋಗುವಷ್ಟು ಬದಲಿಸಬಹುದು, ಆದರೆ ಆಯಾ ಭಾಷೆಯ ಕಟ್ಟಳೆಯ ಒಳಗೆ ಮಾತ್ರ. ಉಚ್ಚಾರದ ನಿಷ್ಠೆಗೆ ಸಂಕೇತವಾದ ಎಳ್ಳಷ್ಟೂ ಅಡ್ಡಿಯಲ್ಲ. ಕಟ್ಟಳೆ ಕೂಡಿ ಕಟ್ಟಿದ್ದಾದ್ದರಿಂದಲೇ ಒಬ್ಬನ ಮನಬಂದಂತೆ ಮುರಿಯಲಾಗದು. ಹಾಗಲ್ಲ, ಅರ್ಥಕ್ಕೂ ಕಟ್ಟಳೆಗೂ ಮೀರಿದ ಶಕ್ತಿ ಬರೀ ನಾದದಲ್ಲಿದೆ, ಬೀಜಾಕ್ಷರಗಳಲ್ಲಿದೆ ಎನ್ನುವವರು ತಾವು ಯಾರ ಪಕ್ಕ ಬಂದು ನಿಂತಿದ್ದೇವೆ ಎಂದು ನೋಡಿಕೊಳ್ಳಬೇಕು. ಮಂತ್ರಗಳಿಗೆ ಅರ್ಥವಿಲ್ಲ ಎಂದು ನಿರುಕ್ತದಲ್ಲಿ ವಾದಿಸುವ ಕೌತ್ಸನ ಒಂದು ಮುಖ್ಯ ಕಾರಣ, ಮಂತ್ರದ ಮಾತುಗಳನ್ನೂ ಅವುಗಳ ಕ್ರಮವನ್ನೂ ಬದಲಿ ಹಾಕುವಂತಿಲ್ಲ ಎಂಬುದೇ. ನಾದವೇ ಸರ್ವಸ್ವ ಎಂದರೆ ಕೌತ್ಸ ಗೆದ್ದ. ಯಾಸ್ಕ ಅವನೊಂದಿಗೆ ಹೋರಾಡಿದ್ದು ಮಂತ್ರದ ಅರ್ಥವನ್ನು ಉಳಿಸಿಕೊಳ್ಳಲು.

ನಾದದ ಪಾವಿತ್ರ್ಯವನ್ನು ನೆಚ್ಚಿ ಅರ್ಥದ ಕಡೆ ಕಣ್ಣು ಹಾಯಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲಿಷಿನ ಚರ್ಚೇ ಒಂದು ನಿದರ್ಶನ. ತಂದೆ, ಮಗ ಮತ್ತು ಪವಿತ್ರಾತ್ಮ ಎನ್ನುವಲ್ಲಿ ಪವಿತ್ರಾತ್ಮಕ್ಕೆ ಇಂಗ್ಲಿಷರು ಶತಮಾನಗಳ ಕಾಲ ಹೋಲಿ ಗೋಸ್ಟ್ ಎಂದರು. 1611ರ ಬೈಬಲ್ಲಿನಲ್ಲಿ ಬಹುಪಾಲು ಕಡೆ ಇರುವುದು ಅದೇ. ಆಗ ಗೋಸ್ಟ್ ಎಂದರೆ ಆತ್ಮ, ಉಸಿರು. ಜರ್ಮನ್ನಿನ ಗೈಸ್ಟ್ ಇಂದಿಗೂ ಹಾಗೆ. ಪ್ರಾರ್ಥನೆಯ ಮಾತು ಕದಲದೆ ನಿಂತಿತು, ಹೊರಗೆ ಬೀದಿಯಲ್ಲಿ ಗೋಸ್ಟ್ ಮೆಲ್ಲಗೆ ದೆವ್ವವಾಯಿತು. ದೇವರ ಮೂರನೆಯ ರೂಪವನ್ನು ಕರೆಯುವಾಗ ಮಕ್ಕಳಿಗೆ ಬಿಳಿ ಬಟ್ಟೆ ಹೊದ್ದ ಭೂತ ನೆನಪಾಗುವ ಸ್ಥಿತಿ ಬಂದ ಮೇಲೆ ದೈವಶಾಸ್ತ್ರಜ್ಞರು ಬದಲಾವಣೆಗೆ ಒಪ್ಪಿದರು. 1946ರಲ್ಲಿ ಅಮೆರಿಕದಲ್ಲಿ ಪರಿಷ್ಕೃತವಾಗಿ ಬಂದ ಹೊಸ ಒಡಂಬಡಿಕೆಯಲ್ಲಿ ಹೋಲಿ ಸ್ಪಿರಿಟ್ ಬಂತು. ಹಳೆಯ ನಾದಕ್ಕೆ ಒಗ್ಗಿದ ಭಕ್ತರಿಗೆ ಇದು ನೋವಾಗಿರುತ್ತದೆ, ಆ ನೋವು ಸುಳ್ಳಲ್ಲ. ತಲೆಮಾರುಗಳ ಮರಣಶಯ್ಯೆಯಲ್ಲಿ, ಜ್ಞಾನಸ್ನಾನದಲ್ಲಿ ಕೇಳಿದ ಮಾತಿಗೆ ಅಂಟಿದ ಭಾವ ಸ್ಪಿರಿಟ್ ಎಂಬ ಹೊಸ ಮಾತಿಗೆ ಒಂದೇ ದಿನದಲ್ಲಿ ವರ್ಗವಾಗುವುದಿಲ್ಲ. ಆದರೆ ಆ ಭಾವ ಬಂದದ್ದು ಮರಣಶಯ್ಯೆಯಿಂದ, ಜ್ಞಾನಸ್ನಾನದಿಂದ, ಜಿ-ಎಚ್‌ನಿಂದಲ್ಲ.

ಉಳಿದದ್ದು ಒಂದು ತೊಡಕು. ಬರ್ಗೆನ್ನನ ಪ್ರಯೋಗಕ್ಕೆ ಕೂತವರಿಗೆ ಹಿರಣ್ಯದ ಧಾತುವಾಗಲಿ ಸ್ಕಾಟ್ಲೆಂಡಿನ ಮಾಟವಾಗಲಿ ಗೊತ್ತಿರಲಿಕ್ಕಿಲ್ಲ, ಆದರೂ ‘ಗ್ಲ’ ಕಂಡಾಗ ಅವರ ಮನಸ್ಸು ಬೆಳಕಿನ ಕಡೆ ವಾಲಿತು. ಕಲಿಯದ ಚರಿತ್ರೆ ಹೀಗೆ ಒಳಗೆ ಕೆಲಸ ಮಾಡುವುದನ್ನು ಒಪ್ಪಂದ ಎಂಬ ಮಾತು ಹಿಡಿಯಲಾರದು, ಸ್ವಭಾವ ಎಂಬ ಮಾತೂ ಹಿಡಿಯಲಾರದು. ನಮ್ಮ ಪರಂಪರೆಯಲ್ಲಿ ಇದಕ್ಕೆ ಹತ್ತಿರ ಬಂದವನು ವೈಯಾಕರಣ ಭರ್ತೃಹರಿ. ಮಾತು ಕಲಿಯುವ ಮೊದಲೇ ಮಗುವಿನಲ್ಲಿ ಶಬ್ದದ ಸಂಸ್ಕಾರ ಇರುತ್ತದೆ, ಅದು ಅನಾದಿ ಎಂದು ಅವನ ಮತ. ವರ್ಣ, ಪದಗಳಾಗಿ ನಾವು ಒಡೆದು ನೋಡುವುದು ಕಲಿಕೆಯ ಅನುಕೂಲಕ್ಕೆ, ಅರ್ಥ ಹೊಳೆಯುವುದು ಇಡೀ ವಾಕ್ಯದಲ್ಲಿ. ಜಿ-ಎಲ್ ಗುಂಪಿನ ಮಾತುಗಳು ಈ ಸಂಸ್ಕಾರದ ಮಾತಿಗೆ ಸಾಕ್ಷಿ ಹೇಳುತ್ತವೆ, ಅನಾದಿ ಎಂಬುದಕ್ಕೆ ಹೇಳುವುದಿಲ್ಲ. ಗ್ಲಾಮರಿನ ಹೊಳಪಿಗೆ ಆದಿ ಇದೆ, ಅದು ಇನ್ನೂರು ವರ್ಷಗಳಷ್ಟೂ ಹಳೆಯದಲ್ಲ. ಸಂಸ್ಕಾರದಿಂದ ಭರ್ತೃಹರಿ ಶಬ್ದಬ್ರಹ್ಮದವರೆಗೆ ಏರುತ್ತಾನೆ. ಆ ಏರುವಿಕೆಗೆ ಇಂಗ್ಲಿಷ್ ನಾಮಪದಗಳಲ್ಲಿ ಆಧಾರ ಸಿಗುವುದಿಲ್ಲ, ವಿರೋಧವೂ ಸಿಗುವುದಿಲ್ಲ. ಅದನ್ನು ಬೇರೆ ಪ್ರಮಾಣದಿಂದ ನಿಲ್ಲಿಸಬೇಕು.